ರೋಗಿಯ ಬಳಿ ಕುಳಿತವರ ಕ್ಷೇಮಸಮಾಚಾರ

(ಪುಣೆಯ ಮಗರಪಟ್ಟಾದಲ್ಲಿ ಸೇರಿದ್ದ ನಮ್ಮ ಸಂಘದ ಸದಸ್ಯರ ಮತ್ತು ಅವರ ಮನೆಯವರ ಕೂಟದಲ್ಲಿ ಮಾಡಿದ ಭಾಷಣ)



ನಾವು ಓದಿದ್ದು ಏಳನೆಯ ತರಗತಿಯವರೆಗೆ. ನಮ್ಮದು ಆರ್ಡರು ಕೂಗಿ ರೂಢಿಯಾದ ಗಂಟಲು, ಭಾಷಣದ ಗಂಟಲಲ್ಲ. ತಪ್ಪಿದ್ದರೆ ಮನ್ನಿಸಬೇಕು. ಕೂಲಿ, ಬೋನಸು, ಪಿ.ಎಫ್. ಇವುಗಳ ಬಗ್ಗೆ ಮಾತಾಡಬೇಕೆಂದು ಸಮಿತಿಯವರು ಹೇಳಿದ್ದರು. ಆ ಮಾತು ಮುಂದಿನ ತಿಂಗಳ ಸಭೆಯಲ್ಲಿ ಇದ್ದೇ ಇದೆ. ಈ ದಿನ ಮನೆಯವರೂ ಬಂದಿರುವುದರಿಂದ, ಮನೆಯೊಳಗೆ ನಡೆಯುವ, ಆದರೆ ಯಾವ ಹಾಜರಿ ಪುಸ್ತಕದಲ್ಲೂ ಬರೆಯದ ಒಂದು ದುಡಿಮೆಯ ವಿಷಯ ಹೇಳಬೇಕೆಂದು ನಾವೇ ಕೇಳಿಕೊಂಡೆವು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವವರ ವಿಷಯ ಅದು. ರೋಗಿಯ ಕ್ಷೇಮಸಮಾಚಾರವನ್ನು ಬಂದವರೆಲ್ಲ ಕೇಳುತ್ತಾರೆ. ರೋಗಿಯ ಬಳಿ ಕುಳಿತವರ ಕ್ಷೇಮಸಮಾಚಾರ ಕೇಳುವವರು ಕಡಿಮೆ.

ನಾವು ನಿಂತಿರುವ ಈ ಮಗರಪಟ್ಟಾ ಹಿಂದೆ ಕಬ್ಬಿನ ಗದ್ದೆಯಾಗಿತ್ತೆಂದು ಹಳಬರು ಹೇಳುತ್ತಾರೆ. ಮಗರ ಮನೆತನದವರೂ ಇತರರೂ ಸೇರಿ ಸುಮಾರು 120 ರೈತ ಕುಟುಂಬಗಳು ತಮ್ಮ ನಾನೂರಕ್ಕೂ ಹೆಚ್ಚು ಎಕರೆ ಜಮೀನನ್ನು ಹೊರಗಿನ ಬಿಲ್ಡರುಗಳಿಗೆ ಮಾರದೆ, ಒಟ್ಟು ಹಾಕಿ, ಪಾಲುದಾರರಾಗಿ 2000ದ ಸುಮಾರಿಗೆ ಈ ನಗರವನ್ನು ಕಟ್ಟಲು ತೊಡಗಿದವು. ಈಗ ಇಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳೂ ಸಾಲುಸಾಲು ಮನೆಗಳೂ ಇವೆ. ಆ ಕಂಪನಿಗಳವರಿಗೆ ಇಡ್ಲಿ, ದೋಸೆ, ಚಹಾ ಕೊಡುವವರು ನಮ್ಮ ಉಡುಪಿ, ಕುಂದಾಪುರ, ಕಾಸರಗೋಡು ಕಡೆಯ ಹುಡುಗರು. ಆ ಮನೆಗಳಲ್ಲಿ ಕಸ ಮುಸುರೆ ಮಾಡುವ, ವೃದ್ಧರನ್ನು ನೋಡಿಕೊಳ್ಳುವ ಹೆಂಗಸರಲ್ಲಿ ವಿಜಯಪುರ, ಕಲಬುರಗಿ ಕಡೆಯ ನಮ್ಮ ಅಕ್ಕತಂಗಿಯರು ಇದ್ದಾರೆ. ಸಾಯಂಕಾಲ ಇಲ್ಲಿನ ತೋಟದಲ್ಲಿ ಗಾಲಿಕುರ್ಚಿ ತಳ್ಳುತ್ತ ಹೋಗುವವರನ್ನು ಒಮ್ಮೆ ಕನ್ನಡದಲ್ಲಿ ಮಾತಾಡಿಸಿ ನೋಡಿ. ಹತ್ತರಲ್ಲಿ ಒಬ್ಬಿಬ್ಬರಾದರೂ ಕನ್ನಡದಲ್ಲೇ ಉತ್ತರ ಕೊಡುತ್ತಾರೆ.

ಅಂಥ ಒಬ್ಬ ಅಕ್ಕ ಸಂಘದ ಕಛೇರಿಗೆ ಒಂದು ದಿನ ಬಂದರು. ಆಧಾರ್ ಕಾರ್ಡಿನ ಹೆಸರಿನಲ್ಲಿ ತಪ್ಪಾಗಿದೆ, ಸರಿಮಾಡಿಸಿ ಕೊಡಿ ಎಂದು ಬಂದದ್ದು. ಕಾಗದ ತುಂಬುತ್ತಿರುವಾಗ ಕುಳಿತಲ್ಲೇ ನಿದ್ದೆ ಹೋದರು. ಎಬ್ಬಿಸಿ ಚಹಾ ಕೊಟ್ಟು ವಿಚಾರಿಸಿದೆವು. ಅವರು ಬ್ಯೂರೋದ ಮೂಲಕ ಇಲ್ಲಿಯೇ ಒಂದು ಮನೆಯಲ್ಲಿ ಪಾರ್ಶ್ವವಾಯು ಬಡಿದ ಯಜಮಾನರನ್ನು ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಅವರ ಅತ್ತೆಗೆ ಮರೆವಿನ ಕಾಯಿಲೆ. ಸೊಸೆಯನ್ನು ಒಮ್ಮೆ ಮಗಳೆನ್ನುತ್ತಾರೆ, ಒಮ್ಮೆ ಕಳ್ಳಿ ಎನ್ನುತ್ತಾರೆ. ಎರಡು ಸಲ ಬೀದಿಗೆ ಹೋಗಿ ದಾರಿ ತಪ್ಪಿದ್ದರು. ಗಂಡ ಗಾರೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ. “ಮತ್ತ ಹಗಲ ಹೊತ್ತು ಹೆಂಗ ಮಾಡ್ತೀರಿ ಅಕ್ಕಾರ?” ಎಂದು ನಮ್ಮ ಕಾರ್ಯದರ್ಶಿಯವರು ಕೇಳಿದರು. ಆ ಅಕ್ಕ ತಲೆ ತಗ್ಗಿಸಿ, “ಕೀಲಿ ಹಾಕ್ಕೊಂಡು ಬರತೀನ್ರಿ” ಎಂದರು.

ಆಮೇಲೆ ಅವರೇ ಇನ್ನೊಂದು ಮಾತು ಹೇಳಿದರು. “ಆ ಮನ್ಯಾಗ ನಾ ಮುಂಜಾನೆ ಎಂಟಕ್ಕ ಹೋಗತೀನ್ರಿ, ರಾತ್ರಿ ಎಂಟಕ್ಕ ಇನ್ನೊಬ್ಬಾಕಿ ಬರತಾಳ. ನಮ್ಮ ಮನ್ಯಾಗ ಇನ್ನೊಬ್ಬಾಕಿ ಯಾರು ಬರತಾರ್ರಿ?”

ಬಂಧುಗಳೇ, ಈ ಪ್ರಶ್ನೆಯೇ ನಮ್ಮ ಇವತ್ತಿನ ಭಾಷಣ. ಹಾಸಿಗೆ ಹಿಡಿದ ಒಬ್ಬ ಮನುಷ್ಯನನ್ನು ನೋಡಿಕೊಳ್ಳುವುದು ಎಷ್ಟು ಜನರ ಕೆಲಸ? ಈ ಲೆಕ್ಕವನ್ನು ಬ್ಯೂರೋದವರು ಎಂದೋ ಮಾಡಿಟ್ಟಿದ್ದಾರೆ. ಹನ್ನೆರಡು ಗಂಟೆಗೆ ಒಬ್ಬರು, ಇನ್ನು ಹನ್ನೆರಡು ಗಂಟೆಗೆ ಇನ್ನೊಬ್ಬರು, ರಜೆಯ ದಿನ ಬದಲಿಗೆ ಮತ್ತೊಬ್ಬರು. ದುಡ್ಡು ಕೊಡುವ ಮನೆಯವರು ಇದಕ್ಕೆ ಒಪ್ಪಿ ಕೊಡುತ್ತಾರೆ, ಏಕೆಂದರೆ ಒಬ್ಬರೇ ಹಗಲೂ ರಾತ್ರಿಯೂ ಮಾಡಲಾರರೆಂದು ಅವರಿಗೂ ಗೊತ್ತು. ಹಾಗಾದರೆ ಸಂಬಳ ಕೊಟ್ಟು ಮಾಡಿಸುವಾಗ ಎರಡು ಮೂರು ಜನರ ಕೆಲಸವಾದದ್ದು, ಸೊಸೆಯೋ ಹೆಂಡತಿಯೋ ಮಗಳೋ ಮಾಡುವಾಗ ಒಬ್ಬಳ ಕೆಲಸವಾಗುವುದು ಹೇಗೆ? ಇದೇ ಅನ್ಯಾಯ ಹೋಟೆಲಿನಲ್ಲಿ ನಡೆದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ಬೆಳಗಿನ ಭಟ್ಟರನ್ನೇ ರಾತ್ರಿಯ ಪಾಳಿಗೂ ಕಾವಲಿಯ ಮುಂದೆ ನಿಲ್ಲಿಸಿ, ಹೀಗೆ ಏಳು ವರ್ಷ ನಿಲ್ಲು ಎಂದು ಧಣಿಗಳು ಹೇಳಿದರೆ ಮಾರನೆಯ ದಿನವೇ ಅರ್ಜಿ ಬರೆಯುತ್ತಿದ್ದೆವು. ಆದರೆ ನಮ್ಮ ಮನೆಗಳಲ್ಲಿ ಧಣಿಗಳು ನಾವೇ.

ಇದು ಬೇರೆಯವರನ್ನು ಬೆರಳು ಮಾಡಿ ಹೇಳುವ ಮಾತಲ್ಲ. ನಮ್ಮ ಮನೆಯದನ್ನೇ ಹೇಳುತ್ತೇವೆ. ನಾವಿಬ್ಬರು ಅಣ್ಣತಮ್ಮಂದಿರು. 2004ರಲ್ಲಿ ಒಂದೇ ಬಸ್ಸಿನಲ್ಲಿ ಪುಣೆಗೆ ಬಂದು, ಮೋರಿಯಲ್ಲಿ ತಟ್ಟೆ ತೊಳೆಯುವಲ್ಲಿಂದ ಪ್ರಾರಂಭ ಮಾಡಿದವರು. 2013ರ ಮಳೆಗಾಲದಲ್ಲಿ ಊರಿನಲ್ಲಿ ಅಮ್ಮನಿಗೆ ಪಾರ್ಶ್ವವಾಯುವಾಯಿತು. ಬಲಗಡೆ ಬಿದ್ದುಹೋಯಿತು, ಮಾತು ನಿಂತಿತು. ಮನೆಯಲ್ಲಿದ್ದವರು ಅತ್ತಿಗೆ ಒಬ್ಬರು, ಸಣ್ಣ ಎರಡು ಮಕ್ಕಳು. 2020ರ ಜನವರಿಯಲ್ಲಿ ಅಮ್ಮ ತೀರಿಕೊಳ್ಳುವವರೆಗೆ, ಆರೂವರೆ ವರ್ಷ, ಅವರೇ ನೋಡಿಕೊಂಡರು. ನಾವು ತಿಂಗಳು ತಪ್ಪದೆ ಹಣ ಕಳಿಸಿದೆವು. ನೀರಿನ ಹಾಸಿಗೆ ತರಿಸಿದೆವು. ದೀಪಾವಳಿಗೆ ಒಂದು ವಾರ ಹೋಗಿ, ಅಮ್ಮನ ಕಾಲೊತ್ತಿ, ಊರವರಿಂದ ಒಳ್ಳೆಯ ಮಕ್ಕಳೆನ್ನಿಸಿಕೊಂಡು ಬಂದೆವು. ಅಮ್ಮನನ್ನು ನೋಡಿಕೊಂಡವರು ನಾವೇ ಎಂದು ನಿಜವಾಗಿಯೂ ನಂಬಿದ್ದೆವು.

ಹೋಟೆಲಿನ ಬಾಗಿಲು ಹಾಕಿ ದಿನವೂ ರಾತ್ರಿ ಹನ್ನೊಂದೂವರೆಗೆ ಫೋನು ಮಾಡುತ್ತಿದ್ದೆವು. ಅಮ್ಮ ಉಂಡರೇ, ಔಷಧ ಕೊಟ್ಟಿರೇ, ಬೆನ್ನು ಒರೆಸಿದಿರೇ. ಮೂರನೆಯ ವರ್ಷದ ಹೊತ್ತಿಗೆ ಅತ್ತಿಗೆಯ ಮಾತು ಒರಟಾಗತೊಡಗಿತು. ಮಕ್ಕಳಿಗೆ ಹೊಡೆಯುತ್ತಾರೆಂದು ನೆರೆಮನೆಯವರು ಹೇಳಿದರು. ಅಣ್ಣ ಬೈದರು, ನಾವೂ ಒಂದೆರಡು ಮಾತು ಸೇರಿಸಿದೆವು. ಒಂದು ರಾತ್ರಿ ಅತ್ತಿಗೆ ಹೇಳಿದ್ದಿಷ್ಟು: “ನೀವ್ ಫೋನ್ ಮಾಡುದ್ ಹನ್ನೊಂದೂವರಿಗೆ. ಎರಡ್ ಗಂಟಿಗ್ ಅತ್ತಿನ್ನ ಮಗ್ಗಲ್ ತಿರ್ಗ್ಸ್ಕ್. ನಾ ಮನಿಕಂಬುದ್ ಯಾವಾಗ?”

ಹಾಸಿಗೆ ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಡಾಕ್ಟರರು ಹೇಳಿದ್ದನ್ನು ನಾವೂ ಕೇಳಿದ್ದೆವು. ಎರಡು ಗಂಟೆಗೊಮ್ಮೆ ಎಂದರೆ ರಾತ್ರಿಯಲ್ಲೂ ಎಂದು ಯೋಚಿಸಿರಲಿಲ್ಲ. ಅವರಿಗೆ ಸಿಗುತ್ತಿದ್ದ ತುಂಡು ನಿದ್ದೆಯಲ್ಲೂ ನಮ್ಮ ಕಾಳಜಿಯ ಫೋನು ಒಂದು ಗಂಟೆಯನ್ನು ತಿನ್ನುತ್ತಿತ್ತು. ಅಮ್ಮನ ಬೆನ್ನಿನಲ್ಲಿ ಕೊನೆಯವರೆಗೂ ಒಂದು ಹುಣ್ಣಾಗಲಿಲ್ಲ, ಇದನ್ನು ಹೇಳಲೇಬೇಕು. ಅತ್ತಿಗೆಗೆ ಮೂವತ್ತೆಂಟಕ್ಕೇ ಸೊಂಟ ಹೋಯಿತು, ರಕ್ತದೊತ್ತಡ ಬಂತು. ಅಮ್ಮ ಹೋಗಿ ಎರಡು ವರ್ಷವಾದ ಮೇಲೂ ರಾತ್ರಿ ಎರಡಕ್ಕೆ ಎಚ್ಚರವಾಗಿ ಎದ್ದು ಕೂರುತ್ತಿದ್ದರು.

ಇಂಥ ಮನೆಗಳನ್ನು ಈಗ ನಾಲ್ಕಾರು ನೋಡಿದ್ದೇವೆ. ಕಾಲ ಕಳೆದಂತೆ ನಡೆಯುವುದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ರೀತಿ. ಮೊದಲ ಆರು ತಿಂಗಳು ಮನೆ ತುಂಬ ಜನ. ಹಣ್ಣು ತರುತ್ತಾರೆ, ಎಳನೀರು ತರುತ್ತಾರೆ, ನಾಟಿ ಮದ್ದು ಹೇಳುತ್ತಾರೆ. ನೋಡಿಕೊಳ್ಳುವವರಿಗೂ ಆಗ ಹುರುಪಿರುತ್ತದೆ, ಗುಣವಾದೀತೆಂಬ ಆಸೆಯಿರುತ್ತದೆ. ವರ್ಷ ಕಳೆದ ಮೇಲೆ ಜನ ಬರುವುದು ನಿಲ್ಲುತ್ತದೆ. ಮದುವೆ ಮುಂಜಿಗೆ ಕರೆಯುವುದನ್ನೂ ಬಿಡುತ್ತಾರೆ, “ಪಾಪ, ಅವಳಿಗೆ ಬರಲಿಕ್ಕೆಲ್ಲಿ ಆಗುತ್ತದೆ” ಎಂದು. ಅಷ್ಟು ಹೊತ್ತಿಗೆ ಊಟದ ಬದಲು ಚಹಾ ಕುಡಿಯುವುದು ಅಭ್ಯಾಸವಾಗಿರುತ್ತದೆ. ತನ್ನ ತಲೆನೋವಿಗೆ ಮಾತ್ರೆ ತರುವುದು ನಾಳೆಗೆ, ನಾಡಿದ್ದಿಗೆ ಹೋಗುತ್ತದೆ. ಸಣ್ಣದಕ್ಕೆಲ್ಲ ಸಿಟ್ಟು, ಸಿಟ್ಟು ಮಾಡಿದ್ದಕ್ಕೆ ಅಳು. ಆಮೇಲೆ ಒಂದು ದಿನ, ಇದು ಬಾಯಿಬಿಟ್ಟು ಹೇಳಲು ಕಷ್ಟ, ಆದರೂ ಹೇಳುತ್ತೇವೆ, “ಇವರು ಹೋಗಿಬಿಟ್ಟರೆ ಸಾಕು” ಎಂಬ ಯೋಚನೆ ಬರುತ್ತದೆ. ಬಂದ ಮರುಗಳಿಗೆಯೇ, ನಾನೆಂಥ ಪಾಪಿ ಎಂದು ತನ್ನನ್ನೇ ಹಳಿದುಕೊಳ್ಳುತ್ತಾರೆ. ಈ ಸಭೆಯಲ್ಲಿ ಕುಳಿತವರಲ್ಲಿ ಯಾರಿಗಾದರೂ ಆ ಯೋಚನೆ ಬಂದಿದ್ದರೆ, ತಾಯಿ, ನೀವು ಪಾಪಿಯಲ್ಲ. ಮೂರು ಪಾಳಿ ಒಬ್ಬರೇ ಮಾಡಿದವರ ದಣಿವು ಅದು.

ಗಂಡಸರ ಪೈಕಿ ಇಂಥವರಿಲ್ಲವೆಂದಲ್ಲ. ಮನೋವ್ಯಾಧಿಯ ಹೆಂಡತಿಯನ್ನು ಹನ್ನೆರಡು ವರ್ಷದಿಂದ ಕಾಯುತ್ತಿರುವ ಅಡುಗೆ ಭಟ್ಟರೊಬ್ಬರು ನಮ್ಮಲ್ಲೇ ಇದ್ದಾರೆ. ಅವರು ಸಂಜೆ ಸ್ವಲ್ಪ ಕುಡಿಯುತ್ತಾರೆಂದು ನಾವೆಲ್ಲ ಆಡಿಕೊಂಡಿದ್ದೇವೆ. ಏಕೆ ಕುಡಿಯುತ್ತಾರೆಂದು ಹೋಗಿ ಕೇಳಲಿಲ್ಲ.

ಇದೆಲ್ಲ ಮನಸ್ಸಿನ ಮಾತಾಯಿತು, ಇದಕ್ಕೆ ಪುರಾವೆಯೇನು ಎಂದು ಕೆಲವರು ಕೇಳಬಹುದು. ನಮಗೆ ಪರಿಚಯದ ಡಾಕ್ಟರರೊಬ್ಬರು ಎರಡು ಸಂಗತಿ ತಿಳಿಸಿಕೊಟ್ಟರು. ಅಮೆರಿಕದ ಓಹಾಯೋ ರಾಜ್ಯದ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಒಂದು ಪರೀಕ್ಷೆ ನಡೆಯಿತು. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ಮತ್ತು ಅದೇ ವಯಸ್ಸಿನ, ಆ ಹೊರೆಯಿಲ್ಲದ 13 ಹೆಂಗಸರ ತೋಳಿನಲ್ಲಿ ಒಂದೇ ಅಳತೆಯ ಸಣ್ಣ ಗಾಯ ಮಾಡಿ, ಮಾಯಲು ಎಷ್ಟು ದಿನ ಬೇಕೆಂದು ಎಣಿಸಿದರು. ಹೊರೆಯಿಲ್ಲದವರಿಗೆ ಸರಾಸರಿ 39 ದಿನ ಹಿಡಿಯಿತು, ನೋಡಿಕೊಳ್ಳುವವರಿಗೆ 48 ದಿನಕ್ಕೂ ಹೆಚ್ಚು. ಮನಸ್ಸಿನ ದಣಿವು ಚರ್ಮದವರೆಗೂ ಇಳಿಯುತ್ತದೆ ಎಂದಾಯಿತು. ಅದೇ ದೇಶದಲ್ಲಿ 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ವಯಸ್ಸಾದ ಗಂಡಹೆಂಡಿರನ್ನು ನಾಲ್ಕು ವರ್ಷ ಗಮನಿಸಿದ್ದರು. ಸಂಗಾತಿಯನ್ನು ನೋಡಿಕೊಳ್ಳುತ್ತ ಅದರಿಂದ ಬಳಲಿದವರಲ್ಲಿ ಸಾವಿನ ಸಂಭವ, ಆ ಹೊರೆಯಿಲ್ಲದವರಿಗಿಂತ ನೂರಕ್ಕೆ 63ರಷ್ಟು ಹೆಚ್ಚಿತ್ತು. ನೋಡಿಕೊಂಡರೂ ಬಳಲಿಕೆ ಇಲ್ಲವೆಂದವರಲ್ಲಿ ಅಷ್ಟು ಹೆಚ್ಚಳ ಕಾಣಲಿಲ್ಲ. ಇದನ್ನು ಗಮನಿಸಬೇಕು. ಸೇವೆ ಕೊಲ್ಲುವುದಿಲ್ಲ, ಬಿಡುವಿಲ್ಲದ ಸೇವೆ ಕೊಲ್ಲುತ್ತದೆ.

ನಮ್ಮ ಪುಣೆಯವರೇ ಆದ ಸುಮಿತ್ರಾ ಭಾವೆ, ಸುನೀಲ್ ಸುಖ್ತಣಕರ್ ಇವರು 2013ರಲ್ಲಿ ‘ಅಸ್ತು’ ಎಂಬ ಮರಾಠಿ ಚಿತ್ರ ಮಾಡಿದರು. ಮರೆವಿನ ಕಾಯಿಲೆಯ ಸಂಸ್ಕೃತ ಪಂಡಿತರೊಬ್ಬರು ಆನೆಯ ಹಿಂದೆ ಹೋಗಿ ಕಳೆದುಹೋಗುತ್ತಾರೆ. ಆನೆಯವನ ಹೆಂಡತಿ ಚನ್ನಮ್ಮ, ಹೆಸರೇ ನಮ್ಮ ಕಡೆಯದು, ಅವರನ್ನು ಮಗುವಿನಂತೆ ನೋಡಿಕೊಳ್ಳುತ್ತಾಳೆ. ಆ ಪಾತ್ರ ಮಾಡಿದ ಅಮೃತಾ ಸುಭಾಷ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರ ಬಹಳ ಚೆನ್ನಾಗಿದೆ, ನೋಡಬೇಕು. ಆದರೆ ನಮಗೆ ಅನ್ನಿಸಿದ್ದು ಬೇರೆ. ಚನ್ನಮ್ಮ ನೋಡಿಕೊಂಡದ್ದು ಸ್ವಲ್ಪ ಹೊತ್ತು, ಮಗಳು ನೋಡಿಕೊಳ್ಳುತ್ತಿದ್ದದ್ದು ಬಹಳ ಕಾಲದಿಂದ. ಸ್ವಲ್ಪ ಹೊತ್ತಿಗೆ ಬಂದವರ ಪ್ರೀತಿ ಯಾವಾಗಲೂ ತಾಜಾ ಇರುತ್ತದೆ. ದೀಪಾವಳಿಗೆ ಬಂದ ನಮ್ಮ ಪ್ರೀತಿಯ ಹಾಗೆ.

ಬಹಳ ಕಾಲ ಎಂದರೆ ಎಷ್ಟು ಕಾಲ ಎಂಬುದನ್ನು ತಿಳಿಯಲು ಕಾಸರಗೋಡಿನ ಕಡೆ ನೋಡಬೇಕು. ಎಣ್ಮಕಜೆಯ ಪಡ್ರೆ, ಸ್ವರ್ಗ, ಈ ಊರುಗಳ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷ ಸಿಂಪಡಿಸಿದರು. ಆ ಊರುಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಕೈಕಾಲು ಬಾರದವರು, ಬುದ್ಧಿ ಬೆಳೆಯದವರು, ಮೂರ್ಛೆರೋಗದವರು ಹಲವರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿತು. ಆಜ್ಞೆಯಾದ ಎರಡು ವರ್ಷಕ್ಕೆ, 2019ರಲ್ಲಿ, ತಾಯಂದಿರು ಆ ಮಕ್ಕಳನ್ನು ಕರೆದುಕೊಂಡು ತಿರುವನಂತಪುರದ ಸೆಕ್ರೆಟೇರಿಯಟ್ಟಿನ ಮುಂದೆ ಉಪವಾಸ ಕೂರಬೇಕಾಯಿತು. ಬೇರೆಯ ಮಗು ಮೂರು ನಾಲ್ಕು ವರ್ಷಕ್ಕೆ ತಾಯಿಯ ಕಂಕುಳಿಂದ ಇಳಿಯುತ್ತದೆ. ಅಲ್ಲಿನ ಮಗು ಇಳಿಯುವುದಿಲ್ಲ. ಮೂವತ್ತು ವರ್ಷದ ಮಗನನ್ನು ಅರವತ್ತರ ತಾಯಿ ಎತ್ತಿ ಮೀಯಿಸಬೇಕು. ಮಗ ಭಾರವಾಗುತ್ತ ಹೋಗುತ್ತಾನೆ, ತಾಯಿ ಸಣ್ಣಗಾಗುತ್ತ ಹೋಗುತ್ತಾಳೆ. ಅವಳಿಗೆ ತನ್ನ ಕಾಯಿಲೆಯ ಭಯವಿಲ್ಲ, ತನ್ನ ನಂತರ ಏನು ಎಂಬುದೊಂದೇ ಭಯ.

ಆದರೆ ಕಾಸರಗೋಡಿನಿಂದ ನಾವು ಕಲಿಯುವುದೂ ಇದೆ. ಅಲ್ಲಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಿವೆ. ನಮ್ಮ ದಕ್ಷಿಣ ಕನ್ನಡದ ಕೊಕ್ಕಡದಲ್ಲೂ ಕೊಯಿಲದಲ್ಲೂ ಎಂಡೋಸಲ್ಫಾನ್ ಪೀಡಿತರಿಗಾಗಿ ಪಾಲನಾ ಕೇಂದ್ರಗಳು ತೆರೆದವು. ಹಗಲು ನಾಲ್ಕು ಗಂಟೆ ಮಗು ಅಲ್ಲಿದ್ದರೆ ಆ ನಾಲ್ಕು ಗಂಟೆ ತಾಯಿಯದು. ಕೇರಳದಲ್ಲಿ ‘ಆಶ್ವಾಸಕಿರಣಂ’ ಎಂಬ ಯೋಜನೆ ಮಾಡಿ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೇ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿದರು. 600 ರೂಪಾಯಿಗೆ ಇವತ್ತು ಏನು ಬರುತ್ತದೆ ಎಂದು ನಗಬಹುದು. ನಮಗೆ ಮುಖ್ಯವಾಗಿ ಕಂಡದ್ದು, ರೋಗಿಯ ಹೆಸರಿನ ಪಕ್ಕದಲ್ಲಿ ನೋಡಿಕೊಳ್ಳುವವಳ ಹೆಸರನ್ನೂ ಒಂದು ಸರ್ಕಾರ ಬರೆದುಕೊಂಡಿತು ಎಂಬುದು.

ನಮ್ಮ ಕಾನೂನುಗಳಲ್ಲಿ ಈ ಹೆಸರು ಇನ್ನೂ ಬರಬೇಕಾಗಿದೆ. ಇ.ಎಸ್.ಐ. ಕಾರ್ಡು ಇದ್ದವರು ತಾವೇ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70ರಷ್ಟು ಸಿಗುತ್ತದೆ. ನಮ್ಮನ್ನು ಅವಲಂಬಿಸಿರುವ ತಂದೆತಾಯಿಗೆ ಔಷಧೋಪಚಾರವೂ ಉಂಟು. ಆದರೆ ಅಮ್ಮನ ಬಳಿ ಕೂರಲು ಮಗ ರಜೆ ಹಾಕಿದರೆ ಆ ದಿನದ ಕೂಲಿಗೆ ಅಲ್ಲಿ ಕಲಂ ಇಲ್ಲ. ಹೆರಿಗೆಗೆ 2017ರಿಂದ 26 ವಾರ ರಜೆಯಾಯಿತು, ಬಹಳ ಸಂತೋಷ. ಮನುಷ್ಯ ಬರುವಾಗ ರಜೆ ಕೊಟ್ಟವರು ಹೋಗುವಾಗಲೂ ಕೊಡಬೇಕೆಂದು ಸಂಘದ ಮುಂದಿನ ಬೇಡಿಕೆಪಟ್ಟಿಯಲ್ಲಿ ಸೇರಿಸಲು ಸಮಿತಿಯನ್ನು ಕೇಳಿದ್ದೇವೆ. ಅದು ಆಗುವಾಗ ಆದೀತು. ಅಲ್ಲಿಯವರೆಗೆ ಕೀಲಿ ಹಾಕಿದ ಆ ಬಾಗಿಲು ಹಾಗೆಯೇ ಇರಬೇಕೇ?

ಹೋಟೆಲಿನ ಕೆಲಸದಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ನಮಗೆ ಬಿಡುವು. ರೂಮಿನಲ್ಲಿ ಮಲಗುತ್ತೇವೆ, ಇಲ್ಲವೇ ಮೊಬೈಲು ನೋಡುತ್ತೇವೆ. ಈ ಊರಿನ ರೈತರು ಜಮೀನು ಒಟ್ಟು ಹಾಕಿದರು. ನಮ್ಮಲ್ಲಿ ಜಮೀನಿಲ್ಲ, ಈ ಎರಡು ಗಂಟೆ ಇದೆ. ವಾರಕ್ಕೆ ಒಂದು ದಿನದ ಎರಡು ಗಂಟೆಯನ್ನು ಒಟ್ಟು ಹಾಕೋಣವೆಂದು ಹನ್ನೊಂದು ಸದಸ್ಯರು ಸೇರಿ ಮೂರು ತಿಂಗಳಿಂದ ನಾಲ್ಕು ಮನೆಗಳಿಗೆ ಹೋಗಿಬರುತ್ತಿದ್ದೇವೆ. ರೋಗಿ ಹೆಂಗಸಾದರೆ ಸಂಘದ ಹೆಂಗಸರು ಹೋಗುತ್ತಾರೆ, ಗಂಡಸಾದರೆ ನಾವು.

ಎಲ್ಲ ಸರಿಯಾಗಿ ನಡೆಯಿತೆಂದು ಜಂಬ ಕೊಚ್ಚುವುದಿಲ್ಲ. ಒಬ್ಬ ಹುಡುಗ ಹೋಗಿ, ರೋಗಿಯ ಪಕ್ಕದಲ್ಲಿ ತಾನೇ ಗೊರಕೆ ಹೊಡೆದ. ಒಂದು ಮನೆಯವರು, ನಮ್ಮ ಮನೆಯ ಅವಸ್ಥೆ ನಾಲ್ಕು ಜನರ ಬಾಯಿಗೆ ಬೀಳುವುದು ಬೇಡವೆಂದು ಎರಡನೆಯ ವಾರ ಬಾಗಿಲು ತೆರೆಯಲಿಲ್ಲ. ಅವರ ಹೆದರಿಕೆ ಸುಳ್ಳಲ್ಲ, ನಮ್ಮಲ್ಲಿ ಕೆಲವರ ಬಾಯಿ ಸಡಿಲವೇ. ಮತ್ತೊಂದು ಮನೆಯ ತಾಯಿ ಸಿಕ್ಕ ಎರಡು ಗಂಟೆಯಲ್ಲಿ ಮಲಗಲಿಲ್ಲ, ನಾವು ಎಷ್ಟು ಹೇಳಿದರೂ ಕೇಳದೆ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಬಂದರು. ಐದನೆಯ ವಾರ ಮಾತ್ರ, ಪಾತ್ರೆ ಹಾಗೆಯೇ ಬಿಟ್ಟು, ಪಕ್ಕದ ಮನೆಯಲ್ಲಿ ಹೋಗಿ ಮಲಗಿಬಿಟ್ಟರು. ಎಬ್ಬಿಸಲು ಮನಸ್ಸಾಗದೆ ನಮ್ಮ ಸಪ್ಲಾಯರು ಐದೂವರೆಗೆ ಹೋಟೆಲಿಗೆ ಹೋಗಿ ಮ್ಯಾನೇಜರರಿಂದ ಬೈಸಿಕೊಂಡರು.

ನಮಗೆ ಈ ಕೆಲಸ ಬರುವುದಿಲ್ಲ, ಇದು ಹೆಂಗಸರದು ಎನ್ನುವ ಗೆಳೆಯರಿಗೆ ಒಂದು ಮಾತು. ಒಂದು ಕೈಯಲ್ಲಿ ಎಂಟು ಚಹಾ ಲೋಟ ಹಿಡಿದು ಒಂದು ತೊಟ್ಟು ಚೆಲ್ಲದೆ ಮೆಟ್ಟಲು ಹತ್ತುವವರಿಗೆ ಒಂದು ಚಮಚೆ ಗಂಜಿ ಕುಡಿಸಲು ಬಾರದೇ? ಸಾವಿರ ಜನರ ಎಂಜಲು ತೊಳೆದ ಕೈ ನಮ್ಮದು. ನಮ್ಮ ಅಪ್ಪನ ಬಟ್ಟೆ ಒಗೆಯಲು ಹೇಸಿಗೆಯೇ?

ಊರಿನಲ್ಲಿ ಮನೆಯವರಿದ್ದು ಇಲ್ಲಿಂದ ಹಣ ಕಳಿಸುವವರೂ ಬಹಳ ಮಂದಿ ಇದ್ದೀರಿ. ಫೋನು ಮಾಡುವ ಹೊತ್ತನ್ನು ಬದಲಿಸಿ, ಮಧ್ಯಾಹ್ನದ ಬಿಡುವಿನಲ್ಲಿ ಮಾಡಿ. ರೋಗಿಯನ್ನು ವಿಚಾರಿಸುವ ಮುಂಚೆ ಫೋನು ಎತ್ತಿದವರನ್ನು ವಿಚಾರಿಸಿ. ಕಳಿಸುವ ಹಣದಲ್ಲಿ ತಿಂಗಳಿಗೆ ನಾಲ್ಕು ದಿನವಾದರೂ ಊರಿನಲ್ಲಿ ಒಬ್ಬ ಸಹಾಯಕಿಯನ್ನು ಇಡಲು ಆಗುತ್ತದೆಯೇ ಎಂದು ಲೆಕ್ಕ ಹಾಕಿ. ನಿದ್ದೆ ಬಾರದೆ, ಬದುಕೇ ಬೇಡವೆನ್ನಿಸುವಷ್ಟು ಮನಸ್ಸು ಕುಗ್ಗಿದ್ದರೆ 14416 ಎಂಬ ನಂಬರಿದೆ. 2022ರ ಅಕ್ಟೋಬರಿನಿಂದ ಕೇಂದ್ರ ಸರ್ಕಾರ ನಡೆಸುತ್ತಿರುವ ಟೆಲಿ ಮಾನಸ್ ಸೇವೆ ಅದು. ದುಡ್ಡಿಲ್ಲ, ಹಗಲು ರಾತ್ರಿ ಎನ್ನುವುದಿಲ್ಲ, ಕನ್ನಡದಲ್ಲೂ ಮಾತಾಡಬಹುದು. ರೋಗಿಗಳಿಗೆ ಮಾತ್ರವಲ್ಲ, ರೋಗಿಯನ್ನು ನೋಡಿಕೊಳ್ಳುವವರಿಗೂ ಅದು ತೆರೆದಿದೆ.

ಕೀಲಿಯ ಮನೆಯ ವಿಷಯ ಕೇಳುತ್ತೀರಿ. ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸಂಘದ ಇಬ್ಬರು ತಾಯಂದಿರು ಅಲ್ಲಿಗೆ ಹೋಗುತ್ತಾರೆ. ಆ ಎರಡು ದಿನ ಎರಡು ಗಂಟೆ ಬೀಗ ತೆಗೆದಿರುತ್ತದೆ. ಅಜ್ಜಿ ಹೊಸ್ತಿಲ ಮೇಲೆ ಕುಳಿತು ಬೀದಿ ನೋಡುತ್ತಾರೆ. ಉಳಿದ ಐದು ದಿನಕ್ಕೆ ಜನ ಸಾಲದು. ಬಾಗಿಲ ಬಳಿ ಮೇಜಿನ ಮೇಲೆ ಒಂದು ನೋಟು ಪುಸ್ತಕವಿಟ್ಟಿದ್ದೇವೆ. ಹೆಸರು, ಫೋನ್ ನಂಬರು, ಯಾವ ವಾರ ಬಿಡುವು, ಇಷ್ಟು ಬರೆದರೆ ಸಾಕು. ತಮ್ಮ ಮನೆಗೇ ಜನ ಬೇಕಾದವರು ಹಿಂದಿನ ಪುಟದಿಂದ ಬರೆಯಿರಿ, ಆ ಪುಟವನ್ನು ಕಾರ್ಯದರ್ಶಿಯವರ ಹೊರತು ಯಾರೂ ನೋಡುವುದಿಲ್ಲ. ಊಟ ತಯಾರಾಗಿದೆ, ಸಾರು ಆರುತ್ತಿದೆ ಎಂದು ಭಟ್ಟರು ಕೈಸನ್ನೆ ಮಾಡುತ್ತಿದ್ದಾರೆ.